ಹತ್ತು ಸೆಕೆಂಡಿನ ಸ್ಕ್ರೋಲಿಗೆ 54 ಲಕ್ಷ ತಪಾಸಣೆ

ಸಾಮಾನ್ಯ ಪರದೆಯೊಂದು ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಅಂದರೆ ಒಂದು ಸಲಕ್ಕೆ ಬ್ರೌಸರಿನ ಕೈಯಲ್ಲಿರುವುದು ಸುಮಾರು 16.7 ಮಿಲಿಸೆಕೆಂಡು. ಲೆಕ್ಕ, ಜೋಡಣೆ, ಬಣ್ಣ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಮುಗಿಯದಿದ್ದರೆ ಪುಟ ಮುಗ್ಗರಿಸುತ್ತದೆ.

2011ರ ಜನವರಿಯಲ್ಲಿ ಟ್ವಿಟರ್ ಹೀಗೇ ಮುಗ್ಗರಿಸಿತು. ಸ್ಕ್ರೋಲ್ ಮಾಡಹೊರಟರೆ ಪುಟ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ 1.4.4 ಆವೃತ್ತಿ ಬಿಟ್ಟು ಹಳೆಯ 1.4.2ಕ್ಕೆ ಮರಳಿದ ಮೇಲೆ ಸರಿಹೋಯಿತು. ಹಾಗಾದರೆ ತಪ್ಪು ಲೈಬ್ರರಿಯದೇ? 2006ರಲ್ಲಿ ಜೆಕ್ವೆರಿಯನ್ನು ಹೊರತಂದ ಜಾನ್ ರೆಸಿಗ್ ಟ್ವಿಟರಿನ ಕೋಡ್ ಬಿಡಿಸಿ ನೋಡಿದರು. ಹೊಸ ಆವೃತ್ತಿಯಲ್ಲಿ ಕ್ಲಾಸ್ ಹೆಸರು ಹಿಡಿದು ಹುಡುಕುವ ದಾರಿ ಬದಲಾಗಿ ನಿಧಾನವಾಗಿದ್ದು ನಿಜ. ಆದರೆ ಆ ಹುಡುಕಾಟವನ್ನು ಇಟ್ಟಿದ್ದದ್ದು ಸ್ಕ್ರೋಲ್ ಈವೆಂಟಿನ ಒಳಗೆ! ಮೌಸಿನ ಚಕ್ರ ಒಂದಿಷ್ಟು ತಿರುಗಿದರೂ ಆ ಈವೆಂಟ್ ಸಾಲುಸಾಲಾಗಿ ಹಾರುತ್ತದೆ. ಪ್ರತಿ ಸಲವೂ ಅದೇ ಎಲಿಮೆಂಟಿಗಾಗಿ ಮತ್ತೆ ಮೊದಲಿಂದ ಶೋಧ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಲೆಕ್ಕ ಹಾಕಿಯೇ ನೋಡೋಣ. ಪುಟವೊಂದರಲ್ಲಿ 3,000 ಎಲಿಮೆಂಟುಗಳಿವೆ ಎನ್ನಿ. ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6. ಕ್ಲಾಸ್ ಹಿಡಿದು ಹುಡುಕುವ ಸೌಲಭ್ಯ ಅದರಲ್ಲೇ ಇರಲಿಲ್ಲ, ಹಾಗಾಗಿ ಜಾವಾಸ್ಕ್ರಿಪ್ಟು ಒಂದೊಂದು ಎಲಿಮೆಂಟಿನ ಕ್ಲಾಸನ್ನೂ ಓದಬೇಕು. ಸ್ಕ್ರೋಲ್ ಈವೆಂಟ್ ಸೆಕೆಂಡಿಗೆ 60 ಸಲ ಬಂದು, ಪ್ರತಿ ಸಲ ಮೂರು ಹುಡುಕಾಟ ನಡೆದರೆ ಸೆಕೆಂಡಿಗೆ 5,40,000 ತಪಾಸಣೆ. ಹತ್ತು ಸೆಕೆಂಡಿಗೆ 54 ಲಕ್ಷ. ಅವೇ ಮೂರನ್ನು ಮೊದಲೇ ಒಮ್ಮೆ ಹುಡುಕಿ ವೇರಿಯಬಲ್‌ಗಳಲ್ಲಿ ಇಟ್ಟುಕೊಂಡಿದ್ದರೆ? ಬರೀ 9,000. ಮೂರು ಸಾಲು ಕೋಡಿಗೆ ಆರುನೂರು ಪಟ್ಟು ವ್ಯತ್ಯಾಸ!

ರೆಸಿಗ್ ಕೊಟ್ಟ ಮದ್ದೂ ಅಷ್ಟೇ ಸರಳ. ಸ್ಕ್ರೋಲ್ ಆಯಿತೆಂದು ಗುರುತು ಮಾತ್ರ ಹಾಕಿಕೊಳ್ಳಿ, 250 ಮಿಲಿಸೆಕೆಂಡಿಗೊಮ್ಮೆ ನೋಡಿ ಕೆಲಸ ಮಾಡಿ. ನಮ್ಮ ಲೆಕ್ಕದಲ್ಲಿ ಸೆಕೆಂಡಿಗೆ 60 ಸಲ ಇದ್ದದ್ದು 4ಕ್ಕೆ ಇಳಿಯುತ್ತದೆ.

ಲೈಬ್ರರಿಗೂ ಪೂರ್ತಿ ಖುಲಾಸೆ ಇಲ್ಲ, ಬಿಡಿ. ಕಣ್ಣಿಗೆ ಕಾಣುವ ಎಲಿಮೆಂಟುಗಳನ್ನಷ್ಟೇ ಆರಿಸುವ ‘ವಿಸಿಬಲ್’ ಸೆಲೆಕ್ಟರ್ ಜೆಕ್ವೆರಿಯದೇ ಸೃಷ್ಟಿ. ಸಿಎಸ್‌ಎಸ್‌ನಲ್ಲಿ ಅದಿಲ್ಲದ್ದರಿಂದ ಬ್ರೌಸರಿನ ವೇಗದ ದಾರಿ ಅದಕ್ಕೆ ಮುಚ್ಚಿದೆ. ಸಾಲದ್ದಕ್ಕೆ ಅದು ಪ್ರತಿ ಎಲಿಮೆಂಟಿನ ಅಳತೆ ಕೇಳುತ್ತದೆ. ಉತ್ತರಿಸಲು ಬ್ರೌಸರ್ ಪುಟದ ಜೋಡಣೆಯನ್ನೇ ಮತ್ತೆ ಲೆಕ್ಕ ಹಾಕಬೇಕಾಗಬಹುದು. ಗೂಗಲ್‌ನ ಪಾಲ್ ಐರಿಶ್ ಇದರ ಜಾಡು ಹಿಡಿದ ಮೇಲೆ, 2016ರ ಜೆಕ್ವೆರಿ 3.0ರಲ್ಲಿ ಈ ಸೆಲೆಕ್ಟರ್ ಕೆಲವು ಸಂದರ್ಭಗಳಲ್ಲಿ 17 ಪಟ್ಟಿನವರೆಗೆ ಚುರುಕಾಯಿತು. ಅಲ್ಲಿಯವರೆಗೆ ಈ ವ್ಯರ್ಥ ದುಡಿಮೆಯ ವಿದ್ಯುತ್ ಬಿಲ್ ಕಟ್ಟಿದವರು ಪುಟ ನೋಡುತ್ತಿದ್ದವರೇ.