ಉರಿಯಿಂದ ಹುಟ್ಟುವ ತಂಪು

ಅಮೆರಿಕದ ಹೆದ್ದಾರಿಗಳಲ್ಲಿ ಮನೆಗಳೇ ಓಡಾಡುತ್ತವೆ ಎಂದರೆ ಉತ್ಪ್ರೇಕ್ಷೆಯಲ್ಲ. ಮಲಗಲು ಮಂಚ, ಅಡುಗೆಗೆ ಒಲೆ, ನೀರಿಗೆ ತೊಟ್ಟಿ ಎಲ್ಲವನ್ನೂ ಒಡಲಲ್ಲಿರಿಸಿಕೊಂಡು ಊರಿಂದೂರಿಗೆ ಸಾಗುವ ಈ ವಾಹನಗಳನ್ನು ಅಲ್ಲಿಯ ಜನ ಆರ್.ವಿ. ಎನ್ನುತ್ತಾರೆ, ನಾವು ಮನೆಗಾಡಿ ಎನ್ನೋಣ. ಇಂತಹ ಅನೇಕ ಗಾಡಿಗಳಲ್ಲಿರುವ ರೆಫ್ರಿಜರೇಟರು ಒಂದು ಸೋಜಿಗದ ಸಾಧನ. ಬೆನ್ನಿನಲ್ಲಿ ಪ್ರೊಪೇನ್ ಅನಿಲದ ಪುಟ್ಟ ಜ್ವಾಲೆ ಉರಿಯುತ್ತಿದ್ದರೆ, ಪೆಟ್ಟಿಗೆಯಲ್ಲಿ ಹಾಲು ತಣ್ಣಗಿರುತ್ತದೆ! ಬೆಂಕಿಯಿಂದ ತಂಪು ಹುಟ್ಟುವುದೆಂತು? ಆ ಬೆಂಕಿಯನ್ನು ಉರಿಸಿಕೊಂಡೇ ಗಾಡಿಯನ್ನು ಓಡಿಸಬಹುದೆ? ಈ ಎರಡು ಪ್ರಶ್ನೆಗಳನ್ನು ವಿಚಾರ ಮಾಡೋಣ.

ಇದರ ಮೂಲರೂಪವನ್ನು 1922ರಲ್ಲಿ ಕಲ್ಪಿಸಿದವರು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ತಂತ್ರವಿದ್ಯೆಯನ್ನು ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು: ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್. ಇದರಲ್ಲಿ ತಿರುಗುವ ಭಾಗವೊಂದೂ ಇಲ್ಲ. ಭದ್ರವಾಗಿ ಮುಚ್ಚಿದ ಉಕ್ಕಿನ ಕೊಳವೆಗಳೊಳಗೆ ಮುಖ್ಯವಾಗಿ ನೀರು, ಅಮೋನಿಯ, ಜಲಜನಕ ಇರುತ್ತವೆ. ಅಮೋನಿಯ ಕರಗಿದ ನೀರನ್ನು ಜ್ವಾಲೆಯು ಕಾಯಿಸಿದಾಗ ಅಮೋನಿಯ ಆವಿಯಾಗಿ ಮೇಲೇರುತ್ತದೆ. ಅಲ್ಲಿ ತನ್ನ ಶಾಖವನ್ನು ಹೊರಗಿನ ಗಾಳಿಗೆ ಕೊಟ್ಟು ದ್ರವವಾಗುತ್ತದೆ. ಆ ದ್ರವವು ಪೆಟ್ಟಿಗೆಯೊಳಗಿನ, ಜಲಜನಕ ತುಂಬಿದ ಕೊಳವೆಗೆ ಇಳಿಯುತ್ತದೆ. ಒತ್ತಡದ ಬಹುಪಾಲನ್ನು ಅಲ್ಲಿ ಜಲಜನಕವೇ ಹೊತ್ತಿರುವುದರಿಂದ ಅಮೋನಿಯದ ಪಾಲಿನ ಒತ್ತಡ ಅಲ್ಪ; ಆದಕಾರಣ ಬಹು ಕಡಿಮೆ ಉಷ್ಣತೆಯಲ್ಲಿಯೂ ಅದು ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಆಹಾರದಿಂದಲೇ ಸೆಳೆದುಕೊಳ್ಳುತ್ತದೆ. ಬೆವರು ಆರುವಾಗ ಮೈ ತಣ್ಣಗಾಗುವುದೂ ಹೀಗೆಯೇ. ಬಳಿಕ ನೀರು ಅಮೋನಿಯವನ್ನು ಮತ್ತೆ ಹೀರಿಕೊಳ್ಳುತ್ತದೆ, ಚಕ್ರ ಮುಂದುವರಿಯುತ್ತದೆ.

ದ್ರವಗಳು ತಮ್ಮ ಭಾರದಿಂದಲೇ ಕೆಳಗೆ ಹರಿಯಬೇಕಾದುದರಿಂದ, ಗಾಡಿಯನ್ನು ಓರೆಯಾಗಿ ನಿಲ್ಲಿಸಿ ಬಹಳ ಹೊತ್ತು ಜ್ವಾಲೆ ಉರಿಸಿದರೆ ಕುದಿಪಾತ್ರೆ ಬತ್ತಿ ಕೆಡಬಹುದು. ಓಡುವಾಗ ಓರೆಯು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಆ ತೊಂದರೆ ಕಡಿಮೆ. ಓಟದ ಅಪಾಯ ಬೇರೆಯೇ.

ಜ್ವಾಲೆ ಗಾಳಿಗೆ ಆರಿಹೋದರೆ ದೊಡ್ಡ ಭಯವಿಲ್ಲ. ಶಾಖವನ್ನು ಗುರುತಿಸುವ ಉಷ್ಣಯುಗ್ಮವು ತಣ್ಣಗಾದೊಡನೆ ಜ್ವಾಲೆಗೆ ಅನಿಲ ಬರುವ ದಾರಿ ಮುಚ್ಚಿಕೊಳ್ಳುತ್ತದೆ. ಆದರೆ ಈ ಕಾವಲು ಇರುವುದು ದಾರಿಯ ಕೊನೆಯಲ್ಲಿ. ಸಿಲಿಂಡರಿನಿಂದ ಅಲ್ಲಿಯವರೆಗೆ ಗಾಡಿಯ ತಳದಲ್ಲಿ ಹಾದುಬರುವ ಕೊಳವೆಯು ಅಪಘಾತದಲ್ಲಿಯೋ, ಸಿಡಿದ ಟೈರಿನ ಹೊಡೆತಕ್ಕೋ ಒಡೆದರೆ ಅದರಿಂದ ಪ್ರಯೋಜನವಿಲ್ಲ. ಅತಿಯಾದ ಹರಿವನ್ನು ತಡೆಯುವ ಕವಾಟ ಸಿಲಿಂಡರಿನಲ್ಲಿದ್ದರೂ ಸಣ್ಣ ಬಿರುಕಿನ ಸೋರಿಕೆಯನ್ನು ಅದು ಅರಿಯಲಾರದು. ಒಂದು ಲೀಟರ್ ದ್ರವ ಪ್ರೊಪೇನ್ ಸುಮಾರು 270 ಲೀಟರ್ ಅನಿಲವಾಗುತ್ತದೆ. ಗಾಳಿಗಿಂತ ಸುಮಾರು ಒಂದೂವರೆಪಟ್ಟು ಭಾರವಾದ ಅದು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡ 2ರಷ್ಟಾದರೆ ಕಿಡಿಯೊಂದೇ ಸಾಕು. ನಮ್ಮ ಅಡುಗೆಮನೆಯ ಅನಿಲದಲ್ಲಿಯೂ ಪ್ರೊಪೇನ್ ಉಂಟು. ವಾಸನೆಯಿಲ್ಲದ ಅದಕ್ಕೆ ದುರ್ವಾಸನೆಯನ್ನು ಬೆರೆಸುವುದು ಈ ಭಯದಿಂದಲೇ.

ಪೆಟ್ರೋಲ್ ಬಂಕಿನಲ್ಲಿ ಅಪಾಯ ತಿರುಗುಮುರುಗಾಗುತ್ತದೆ. ಅಲ್ಲಿ ಬೆಂಕಿ ಗಾಡಿಯದು, ಆವಿ ಹೊರಗಿನದು. ಪೆಟ್ರೋಲಿನ ಆವಿಯೂ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು, ಗಾಡಿಯ ಪಕ್ಕದಲ್ಲಿರುವ ಗಾಳಿಕಿಂಡಿಯ ಮೂಲಕ ಜ್ವಾಲೆಯನ್ನು ಮುಟ್ಟಬಹುದು. ಆದ್ದರಿಂದ ಬಂಕನ್ನು ಹೊಗುವ ಮೊದಲೇ ಜ್ವಾಲೆಯನ್ನು ಆರಿಸಬೇಕು. ಕೆಲವು ರೆಫ್ರಿಜರೇಟರುಗಳು ವಿದ್ಯುತ್ತು ನಿಂತೊಡನೆ ತಾವಾಗಿಯೇ ಅನಿಲವನ್ನು ಹೊತ್ತಿಸಿಕೊಳ್ಳುವುದರಿಂದ ಗುಂಡಿಯನ್ನೇ ಪೂರ್ತಿಯಾಗಿ ಆರಿಸುವುದು ಅವಶ್ಯ. ಸುರಂಗಗಳ ಕಟ್ಟಳೆಯನ್ನೂ ಮೊದಲೇ ತಿಳಿದಿರಬೇಕು: ಬಾಲ್ಟಿಮೋರ್ ಬಂದರಿನ ಸುರಂಗಗಳಲ್ಲಿ ದೊಡ್ಡ ಪ್ರೊಪೇನ್ ಸಿಲಿಂಡರುಗಳಿಗೆ ಪ್ರವೇಶವಿಲ್ಲ.

ಜ್ವಾಲೆಯನ್ನು ಉರಿಸಿಕೊಂಡೇ ಓಡಿಸುವವರು ಅನೇಕರುಂಟು. ಅವರಲ್ಲಿ ಹೆಚ್ಚಿನವರು ಕ್ಷೇಮವಾಗಿಯೇ ಊರು ಸೇರುತ್ತಾರೆ. ಆದರೂ ಹೊರಡುವ ಮುನ್ನ ಸಿಲಿಂಡರಿನ ಕವಾಟವನ್ನೇ ಮುಚ್ಚುವುದು ಲೇಸು. ಆಗ ಕೊಳವೆ ಮುರಿದರೂ ಹೊರಬರುವುದು ಅದರಲ್ಲಿ ಉಳಿದಿರುವ ಅಲ್ಪ ಅನಿಲ ಮಾತ್ರ. ಇದರಿಂದ ಆಹಾರಕ್ಕೆ ನಷ್ಟವೂ ಇಲ್ಲ. ಅನೇಕ ರೆಫ್ರಿಜರೇಟರುಗಳು ಓಡುವ ಎಂಜಿನಿನ ವಿದ್ಯುತ್ತಿನಿಂದಲೂ ನಡೆಯುತ್ತವೆ. ಆ ಅನುಕೂಲವಿಲ್ಲದಿದ್ದರೆ ಹಿಂದಿನ ರಾತ್ರಿಯೇ ಪೆಟ್ಟಿಗೆಯನ್ನು ಚೆನ್ನಾಗಿ ತಣಿಸಿ ಬಾಗಿಲನ್ನು ತೆರೆಯದಿದ್ದರಾಯಿತು. ಸುಮಾರು 4 ಗಂಟೆಗಳ ಕಾಲ ಆಹಾರ ಕೆಡದೆ ಉಳಿಯುತ್ತದೆ. ಅಷ್ಟರಲ್ಲಿ ಪ್ರಯಾಣಿಕರಿಗೂ ವಿಶ್ರಾಂತಿಯ ಹೊತ್ತಾಗಿರುತ್ತದೆ.