ಓದುವ ಮೈಸೂರಿನಲ್ಲಿ ಒಂದು ದಿನ

ನಮ್ಮ ಹೊಸಕೋಟೆಯ ಬಿರಿಯಾನಿ ತಿನ್ನಲು ಬೆಂಗಳೂರಿನ ಹುಡುಗರು ನಸುಕಿನ ನಾಲ್ಕಕ್ಕೇ ಬಂದು ಸಾಲು ನಿಲ್ಲುತ್ತಾರೆ. ಅದೇ ಹೊತ್ತಿಗೆ ನಮ್ಮೂರಿನ ಮಕ್ಕಳು ಎದ್ದು ಹೊರಟರೆ ಮೈಸೂರು ನೋಡಿಕೊಂಡು ರಾತ್ರಿ ಮನೆ ಸೇರಬಹುದು. ಅರಮನೆ, ಮೃಗಾಲಯಗಳ ಮೈಸೂರಲ್ಲ. ಅದನ್ನು ಶಾಲಾ ಪ್ರವಾಸದಲ್ಲಿ ಎಲ್ಲರೂ ನೋಡಿರುತ್ತಾರೆ. ನಾನು ಹೇಳುತ್ತಿರುವುದು ಓದುವ ಮೈಸೂರಿನ ಮಾತು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನೂ ಅವಳ ತಂದೆಯನ್ನೂ ಕರೆದುಕೊಂಡು ಹೋಗಿದ್ದೆ. ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಟೀಚರಾಗುವ ಆಸೆ. ತಂದೆ ಗುಲಾಬಿ ಬೆಳೆಯುವವರು. "ಅಷ್ಟು ದೂರ ಹೆಣ್ಮಗೂನ ಹೆಂಗ್ ಬಿಡೋದು ಮೇಷ್ಟ್ರೇ?" ಎಂದು ಬಸ್ಸು ಹತ್ತುವಾಗಲೂ ಕೇಳಿದರು.

ಪೋಷಕರಿಗೆ ಒಂದು ಸೂಚನೆ: ಭಾನುವಾರ ಹೋಗಬೇಡಿ. ಅಂದು ಕಟ್ಟಡಗಳು ಕಾಣುತ್ತವೆ, ಕಾಲೇಜು ಕಾಣುವುದಿಲ್ಲ.

ಮೊದಲು ಮಹಾರಾಜ ಕಾಲೇಜು. ಕುವೆಂಪು ಓದಿದ್ದು, ಪಾಠ ಹೇಳಿದ್ದು, ಪ್ರಿನ್ಸಿಪಾಲರಾದದ್ದು ಇಲ್ಲಿಯೇ. 1918ರಲ್ಲಿ ಇಲ್ಲಿಗೆ ತತ್ವಶಾಸ್ತ್ರ ಕಲಿಸಲು ಬಂದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರಂತೆ. (ಮೇಷ್ಟರಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.) ಹತ್ತಿರದಲ್ಲೇ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಇಲ್ಲಿಂದ.

ಅಲ್ಲಿಂದ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಏರಿಯ ಮೇಲೆ ಪುಸ್ತಕ ಹಿಡಿದು ಕೂತವರು, ನೀರಿನಲ್ಲಿ ಹೆಜ್ಜಾರ್ಲೆಗಳು. ಕೆರೆಯ ಆಚೆ ದಡಕ್ಕೇ ಮಾನಸಗಂಗೋತ್ರಿ. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯದ ಈ ಆವರಣಕ್ಕೆ ಹೆಸರಿಟ್ಟವರು ಆಗ ಕುಲಪತಿಗಳಾಗಿದ್ದ ಕುವೆಂಪು.

ನಾವು ಮುಖ್ಯವಾಗಿ ನೋಡಬೇಕಾಗಿದ್ದುದು ಇಲ್ಲಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು. ಎನ್‌ಸಿಇಆರ್‌ಟಿಗೆ ಸೇರಿದ ಇದು 1963ರಲ್ಲಿ ಆರಂಭವಾಯಿತು. ಪಿಯುಸಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಸೇರಿದರೆ ಬಿಎಸ್‌ಸಿ, ಬಿಎಡ್ ಎರಡನ್ನೂ ಒಟ್ಟಿಗೆ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಬೇರೆ ಬೇರೆಯಾಗಿ ಓದಿದ ನಮ್ಮಂಥವರಿಗೆ ಐದು ವರ್ಷ ಹಿಡಿದಿತ್ತು. ದಕ್ಷಿಣದ ಎಲ್ಲ ರಾಜ್ಯಗಳ ಮಕ್ಕಳೂ ಇಲ್ಲಿಗೆ ಬರುತ್ತಾರೆ.

ಮರದ ನೆರಳಲ್ಲಿ ಕೂತಿದ್ದ ಹಾಸ್ಟೆಲಿನ ಹುಡುಗಿಯೊಬ್ಬಳನ್ನು ಮಾತನಾಡಿಸಿದೆವು. ಲಕ್ಷದ್ವೀಪದವಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳೇ ತಂದೆಗೆ ಕನ್ನಡದಲ್ಲಿ ಹೇಳುತ್ತಿದ್ದಳು.

"ಊರಿಗೆ ಹೆಂಗಮ್ಮ ಹೋಗ್ತೀಯ?"

"ಕೊಚ್ಚಿಯವರೆಗೆ ರೈಲು. ಆಮೇಲೆ ಹಡಗು."

"ಹಡಗಾ! ಒಬ್ಬಳೇನಾ?"

ಹುಡುಗಿ ನಕ್ಕಳು. ಮೊದಲ ಸಲ ಅಪ್ಪ ಬಂದಿದ್ದರಂತೆ; ಹಾಸ್ಟೆಲ್ ನೋಡಿ, ಅಡುಗೆಮನೆಯನ್ನೂ ನೋಡಿ ಹೋದರಂತೆ. ನಮ್ಮವರು ಸಾರು ಹೇಗಿರುತ್ತದೆ, ಸಂಜೆ ಎಷ್ಟು ಗಂಟೆಗೆ ಒಳಗಿರಬೇಕು, ಜ್ವರ ಬಂದರೆ ಯಾರು ನೋಡುತ್ತಾರೆ ಎಂದೆಲ್ಲ ಕೇಳಿದರು. ನನ್ನ ಅರ್ಥಶಾಸ್ತ್ರ, ರಾಧಾಕೃಷ್ಣನ್ ಯಾವುದಕ್ಕೂ ಅವರು ಇಷ್ಟು ಕಿವಿಗೊಟ್ಟಿರಲಿಲ್ಲ.

ವಾಪಸು ಬರುವಾಗ ರಾಮನಗರ ದಾಟುವವರೆಗೂ ಮಾತಿಲ್ಲ. ಮಗಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಆಗ ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಆ ಪರೀಕ್ಷೆಗೆ ಅರ್ಜಿ ಯಾವಾಗ ಹಾಕ್ಬೇಕು?"