ಹಗಲು ಮೂಳೆ, ಸಂಜೆ ಇಲಿ

ನಮ್ಮ ಚಿಕ್ಕಮ್ಮನ ಮಗಳು ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡ್ತಾಳೆ. ಜೊತೆಗೆ ದೂರಶಿಕ್ಷಣದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಓದ್ತಿದ್ದಾಳೆ. ಯೂನಿವರ್ಸಿಟಿ ಒಳಗೇ ಕೆಲಸ ಅಂದ್ರೆ ಓದೋದು ಸುಲಭ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ವಿ. ಆಗಿದ್ದು ಉಲ್ಟಾ. ನಮ್ಮಂಥವರಿಗೆ ಪರೀಕ್ಷೆ ನಡೆಯುವಾಗ ಅವಳ ಆಫೀಸಿನಲ್ಲಿ ಕೆಲಸ ಜಾಸ್ತಿ, ಅವಳ ಪರೀಕ್ಷೆಯೂ ಅದೇ ಹೊತ್ತಿಗೆ ಬರುತ್ತೆ. ಹೋದ ಸಲ ಎರಡು ಪೇಪರ್ ಬರೆಯೋಕೆ ಆಗಲೇ ಇಲ್ಲ. ಯುಗಾದಿಗೆ ಸಿಕ್ಕಾಗ "ಸಾಕು ಕಣೋ, ಬಿಟ್ಟುಬಿಡ್ತೀನಿ" ಅಂದಳು.

ಆಗಷ್ಟೇ ನಾನು ಮ್ಯಾಥ್ಸ್ ಸೆಮಿನಾರ್‌ಗೆ ಸಿ.ಆರ್. ರಾವ್ ಬಗ್ಗೆ ಓದಿದ್ದೆ. ಧೈರ್ಯ ಹೇಳೋಣ ಅಂತ ಅವರ ಕಥೆ ಶುರು ಮಾಡಿದೆ. ಅದು ಅಷ್ಟು ಸರಿಯಾಗಿ ಕೆಲಸ ಮಾಡಲಿಲ್ಲ, ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಕಲ್ಯಂಪೂಡಿ ರಾಧಾಕೃಷ್ಣ ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ಈಗ ಅದು ವಿಜಯನಗರ ಜಿಲ್ಲೆ. ತೆಲುಗು ಮನೆಯವರು, ಓದಿದ್ದೆಲ್ಲ ಆಂಧ್ರದ ಕಡೆ, ಆಮೇಲೆ ಕಲ್ಕತ್ತಾ. ಅಲ್ಲಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಹಲನೋಬಿಸ್ ಕೈಕೆಳಗೆ ಕೆಲಸ. 1945ರಲ್ಲಿ ಬರೆದ ಒಂದು ಪೇಪರ್‌ನಲ್ಲೇ ಕ್ರಾಮೆರ್-ರಾವ್ ಬೌಂಡ್ ಇದೆ. ಇಸಿ ಬ್ರಾಂಚ್‌ನವರಿಗೆ ಎಸ್ಟಿಮೇಷನ್ ಓದುವಾಗ ಈ ಹೆಸರು ಸಿಕ್ಕೇ ಸಿಗುತ್ತೆ. ಅಂದ್ರೆ ಪಿಎಚ್.ಡಿ. ಇಲ್ಲದೆಯೇ, ವಯಸ್ಸು ಇಪ್ಪತ್ತೈದು ಆಗುವಷ್ಟರಲ್ಲಿ, ಟೆಕ್ಸ್ಟ್‌ಬುಕ್ಕಿಗೆ ಸೇರೋ ಕೆಲಸ ಮುಗಿದಿತ್ತು.

1946ರಲ್ಲಿ ಅವರು ಕೇಂಬ್ರಿಜ್‌ಗೆ ಹೋದರು. ವಿದ್ಯಾರ್ಥಿಯಾಗಿ ಅಲ್ಲ, ಕೆಲಸಕ್ಕೆ! ಸುಡಾನ್‌ನ ಜೆಬೆಲ್ ಮೋಯಾ ಅನ್ನೋ ಜಾಗದಲ್ಲಿ ಅಗೆದು ತೆಗೆದ ಹಳೇ ಅಸ್ಥಿಪಂಜರಗಳು ಆ ಯೂನಿವರ್ಸಿಟಿಯ ಮ್ಯೂಸಿಯಂ ಸೇರಿದ್ದವು. ಆ ಜನ ಯಾರು, ಸುತ್ತಮುತ್ತಲ ಯಾವ ಜನರಿಗೆ ಹತ್ತಿರದವರು ಅಂತ ಅಳತೆಗಳಿಂದ ಕಂಡುಹಿಡಿಯಬೇಕಿತ್ತು. ಅದಕ್ಕೆ ಮಹಲನೋಬಿಸ್ ವಿಧಾನ ಗೊತ್ತಿರುವವರು ಬೇಕು ಅಂತ ಕಲ್ಕತ್ತಾಗೆ ಕೇಳಿಕೆ ಬಂತು, ರಾವ್ ಹೊರಟರು. ಅಲ್ಲಿ ಹೋದ ಮೇಲೆ ಕಿಂಗ್ಸ್ ಕಾಲೇಜಿನ ಮೂಲಕ ಪಿಎಚ್.ಡಿ.ಗೂ ಸೇರಿಕೊಂಡರು. ಗೈಡ್ ಆರ್.ಎ. ಫಿಶರ್. ಅವರು ಆಗ ಕೇಂಬ್ರಿಜ್‌ನಲ್ಲಿ ಜೆನೆಟಿಕ್ಸ್ ಪ್ರೊಫೆಸರ್. ಥೀಸಿಸ್‌ಗೆ ಪ್ರಾಬ್ಲಂ ನೀನೇ ಹುಡುಕಿಕೋ, ನನ್ನ ಲ್ಯಾಬ್‌ನಲ್ಲೂ ಕೆಲಸ ಮಾಡು ಅನ್ನೋದು ಫಿಶರ್ ಷರತ್ತು. ಲ್ಯಾಬ್‌ನಲ್ಲಿ ಇದ್ದದ್ದು ಇಲಿಗಳು. ಅವುಗಳ ತಳಿ ಬೆಳೆಸಿ, ಯಾವ ಗುಣಗಳು ಜೋಡಿಯಾಗಿ ಮರಿಗಳಿಗೆ ಬರುತ್ತವೆ ಅಂತ ಎಣಿಸಿ, ಕ್ರೋಮೋಸೋಮ್‌ನಲ್ಲಿ ಯಾವ ಜೀನ್ ಎಲ್ಲಿದೆ ಅಂತ ಮ್ಯಾಪ್ ಮಾಡೋ ಕೆಲಸ. ಹೀಗೆ ಹಗಲು ಮೂಳೆ, ಅದು ಮುಗಿದ ಮೇಲೆ ಇಲಿ. ಯುದ್ಧ ಮುಗಿದು ವರ್ಷವಾಗಿದ್ದರೂ ಬ್ರಿಟನ್ನಿನಲ್ಲಿ ಬ್ರೆಡ್‌ಗೂ ರೇಷನ್ ಇದ್ದ ಕಾಲ ಅದು.

ಈಗ ಆ ಮೂಳೆ ಲೆಕ್ಕ ಏನು ಅಂತ ನೋಡೋಣ. ಯಾಕಂದ್ರೆ ಇಡೀ ಕಥೆಯ ಕೀಲಿ ಅಲ್ಲೇ ಇದೆ.

ತಲೆಬುರುಡೆ ಬೇಡ, ನಮ್ಮ ಹಾಸ್ಟೆಲ್ ತಗೊಳ್ಳಿ. ಎಲ್ಲರ ಎತ್ತರ, ತೂಕ ಅಳೆದಿದ್ದೀವಿ ಅಂತ ಇಟ್ಟುಕೊಳ್ಳಿ. ಎರಡಕ್ಕೂ ಕೋರಿಲೇಷನ್ 0.8 ಅನ್ನೋಣ. ಒಬ್ಬ ಎತ್ತರದಲ್ಲಿ ಸರಾಸರಿಗಿಂತ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ ಮೇಲೆ, ತೂಕದಲ್ಲೂ ಒಂದು ಮೇಲೆ. ಇನ್ನೊಬ್ಬ ಎತ್ತರದಲ್ಲಿ ಒಂದು ಮೇಲೆ, ತೂಕದಲ್ಲಿ ಒಂದು ಕೆಳಗೆ. ಪೈಥಾಗೋರಸ್ ಹಾಕಿದರೆ ಇಬ್ಬರೂ ಸರಾಸರಿಯಿಂದ ರೂಟ್ ಎರಡರಷ್ಟೇ ದೂರ. ಆದರೆ ಮೆಸ್‌ನಲ್ಲಿ ನೋಡಿದವರಿಗೆ ಗೊತ್ತಾಗುತ್ತೆ, ಎತ್ತರ ಇದ್ದು ದಪ್ಪ ಇರೋನು ಸಾಮಾನ್ಯ, ಎತ್ತರ ಇದ್ದು ಇಷ್ಟು ಸಣ್ಣ ಇರೋನು ಅಪರೂಪ. ಮಹಲನೋಬಿಸ್ ಡಿ-ಸ್ಕ್ವೇರ್ ಇದನ್ನೇ ಹಿಡಿಯುತ್ತೆ. ಎರಡು ಅಳತೆಯ ವರ್ಗ ಕೂಡಿಸಿ, ಅದರಿಂದ ಎರಡು ಪಟ್ಟು ಕೋರಿಲೇಷನ್ ಗುಣಿಸು ಎರಡೂ ಅಳತೆಯ ಗುಣಲಬ್ಧ ಕಳೆದು, ಒಂದರಿಂದ ಕೋರಿಲೇಷನ್ ವರ್ಗ ಕಳೆದರೆ ಬರುವ ಸಂಖ್ಯೆಯಿಂದ ಭಾಗಿಸಿ. ಮೊದಲನೆಯವನಿಗೆ 0.4 ಭಾಗಿಸು 0.36, ಅಂದ್ರೆ ಸುಮಾರು 1.1. ಎರಡನೆಯವನಿಗೆ 3.6 ಭಾಗಿಸು 0.36, ಸರಿಯಾಗಿ 10. ಬಿಡಿಬಿಡಿಯಾಗಿ ನೋಡಿದರೆ ಇಬ್ಬರಲ್ಲೂ ವಿಶೇಷ ಏನಿಲ್ಲ. ಸೇರಿಸಿ ನೋಡಿದಾಗ ಮಾತ್ರ ವ್ಯತ್ಯಾಸ ಕಾಣೋದು.

ಎರಡು ಅಳತೆಗೆ ಇಷ್ಟು. ಏಳು ಅಳತೆ ಇದ್ದರೆ 7×7 ಮ್ಯಾಟ್ರಿಕ್ಸ್, ಅದರಲ್ಲಿ 28 ಬೇರೆ ಬೇರೆ ಸಂಖ್ಯೆ, ಅದರ ಇನ್‌ವರ್ಸ್. ನಾವು ಪೈಥಾನ್‌ನಲ್ಲಿ ಒಂದು ಲೈನ್ ಬರೆದು ಟೀ ಕುಡಿಯೋಕೆ ಹೋಗ್ತೀವಿ. ಅವರ ಹತ್ತಿರ ಇದ್ದದ್ದು ಮೇಜಿನ ಮೇಲಿನ ಲೆಕ್ಕದ ಯಂತ್ರ.

ಎರಡೇ ವರ್ಷದಲ್ಲಿ, 1948ರಲ್ಲಿ, ರಾವ್‌ಗೆ ಪಿಎಚ್.ಡಿ. ಬಂತು. ಥೀಸಿಸ್ ವಿಷಯ ಜೀವಶಾಸ್ತ್ರದ ವರ್ಗೀಕರಣದಲ್ಲಿ ಬರುವ ಸ್ಟ್ಯಾಟಿಸ್ಟಿಕ್ಸ್ ಸಮಸ್ಯೆಗಳು. ಒಂದು ಹೊಸ ಮೂಳೆ ಸಿಕ್ಕರೆ ಅದನ್ನ ಯಾವ ಗುಂಪಿಗೆ ಸೇರಿಸೋದು, ಗುಂಪು ಎರಡಕ್ಕಿಂತ ಹೆಚ್ಚು ಇದ್ದರೆ ಹೇಗೆ, ಈ ಥರದ್ದು. ಅಂದ್ರೆ ಹಗಲು ಸಂಬಳಕ್ಕೆ ಮಾಡುತ್ತಿದ್ದ ಕೆಲಸದಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತೋ ಅದೇ ಓದಿನ ಪ್ರಶ್ನೆ ಆಯ್ತು. ಅದೇ 1948ರಲ್ಲಿ ಸ್ಕೋರ್ ಟೆಸ್ಟ್ ಪೇಪರ್ ಕೂಡ ಬಂತು. ನನಗೆ ಅನಿಸೋದು, ಅವರು ಟೈಮ್ ಮ್ಯಾನೇಜ್‌ಮೆಂಟ್‌ನಲ್ಲಿ ಎಷ್ಟು ಜಾಣರೋ ಗೊತ್ತಿಲ್ಲ, ಆದರೆ ಕೆಲಸ ಮತ್ತು ಓದು ಅನ್ನೋ ಎರಡು ಮೂಟೆಯನ್ನ ಬಿಚ್ಚಿ ಒಂದೇ ಮೂಟೆ ಕಟ್ಟಿಕೊಂಡರು.

ಅಮೆರಿಕದ ಗರ್ಟ್ರೂಡ್ ಕಾಕ್ಸ್ ಕಥೆಯೂ ಹತ್ತಿರತ್ತಿರ ಹೀಗೇ. ಅಯೋವಾ ಸ್ಟೇಟ್ ಕಾಲೇಜಿನಲ್ಲಿ ಖರ್ಚಿಗೆ ಅಂತ ಸ್ನೆಡೆಕರ್ ಅವರ ಲೆಕ್ಕದ ಲ್ಯಾಬ್‌ನಲ್ಲಿ ಕೆಲಸಕ್ಕೆ ಸೇರಿದವರು. 1931ರಲ್ಲಿ ಆ ಕಾಲೇಜು ಕೊಟ್ಟ ಮೊದಲ ಸ್ಟ್ಯಾಟಿಸ್ಟಿಕ್ಸ್ ಮಾಸ್ಟರ್ಸ್ ಅವರದ್ದೇ.

ಇಷ್ಟೂ ಹೇಳಿ ಮುಗಿಸಿದಾಗ ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ರಾಯರಿಗೆ ಆಗ ಮದುವೆ ಆಗಿತ್ತಾ?" ನೋಡಿದೆ. ಇಲ್ಲ, ಆಗಿದ್ದು ವಾಪಸ್ ಬಂದ ಮೇಲೆ. "ನೋಡು ಮತ್ತೆ. ನಂಗೆ ಬಸ್ ಇಳಿದು ಮನೆಗೆ ಹೋಗಿ ಕುಕ್ಕರ್ ಇಡ್ಬೇಕು, ಮಗಳ ಹೋಮ್‌ವರ್ಕ್ ನೋಡ್ಬೇಕು, ಆಮೇಲೆ ನಿನ್ನ ಮ್ಯಾಟ್ರಿಕ್ಸು." ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ನ್ಯಾಯ. ರಾವ್‌ಗೆ ಕೆಲಸ ಕೊಟ್ಟವರಿಗೆ ಬೇಕಾಗಿದ್ದೇ ಸ್ಟ್ಯಾಟಿಸ್ಟಿಕ್ಸ್. ಅಕ್ಕನ ಆಫೀಸಿಗೆ ಬೇಕಾಗಿರೋದು ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಸ್ಪೆಲಿಂಗ್ ಸರಿ ಮಾಡೋದು. ಅವಳು ಎಂ.ಎಸ್ಸಿ. ಓದ್ತಿದ್ದಾಳೆ ಅಂತ ಅಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ.

ಆದರೆ ಮೂಳೆ ಲೆಕ್ಕ ಅವಳ ತಲೆಯಲ್ಲಿ ಉಳಿದಿತ್ತು ಅನಿಸುತ್ತೆ. ಎರಡು ವಾರ ಬಿಟ್ಟು ಫೋನ್ ಮಾಡಿದಳು. ಪಿಜಿ ಉತ್ತರಪತ್ರಿಕೆಗಳನ್ನ ಇಬ್ಬರು ನೋಡ್ತಾರೆ, ಇಬ್ಬರ ಅಂಕದಲ್ಲಿ ವ್ಯತ್ಯಾಸ ಜಾಸ್ತಿ ಇದ್ದರೆ ಮೂರನೆಯವರಿಗೆ ಹೋಗುತ್ತೆ. ಒಬ್ಬರು 70 ಕೊಟ್ಟಿದ್ದಾರೆ, ಇನ್ನೊಬ್ಬರು 40. ಒಂದೊಂದೇ ನೋಡಿದರೆ ಎರಡೂ ಮಾಮೂಲಿ ಅಂಕ, ಜೋಡಿಯಾಗಿ ಮಾತ್ರ ವಿಚಿತ್ರ. "ಇದು ನಿನ್ನ ಹಾಸ್ಟೆಲ್ ಹುಡುಗನೇ ಅಲ್ವೇನೋ?" ಅಂದಳು. ಈಗ ಇರೋ ನಿಯಮ ಬರೀ ವ್ಯತ್ಯಾಸ ನೋಡುತ್ತೆ. ಪೇಪರ್ ಪೇಪರ್‌ಗೆ ಅಂಕಗಳ ಹರವು ಬೇರೆ, ಕೋರಿಲೇಷನ್ ಬೇರೆ ಇರುತ್ತಲ್ಲ, ಅದನ್ನೂ ಲೆಕ್ಕಕ್ಕೆ ತಗೊಂಡರೆ ಮೂರನೆಯವರಿಗೆ ಹೋಗೋ ಪಟ್ಟಿ ಎಷ್ಟು ಬದಲಾಗುತ್ತೆ? ಕೊನೇ ವರ್ಷದ ಪ್ರಾಜೆಕ್ಟ್‌ಗೆ ಇದನ್ನೇ ಕೇಳೋಣ ಅಂತ ಅವಳ ಯೋಚನೆ.

ಅಂಕಗಳು ಅವಳ ಸ್ವಂತದ್ದಲ್ಲ, ಸುಮ್ಮನೆ ಕಾಪಿ ಮಾಡ್ಕೊಂಡು ಹೋಗೋಕೆ ಆಗಲ್ಲ. ಹೆಸರು, ರಿಜಿಸ್ಟರ್ ನಂಬರ್ ತೆಗೆದು ಬರೀ ಎರಡು ಕಾಲಂ ಕೊಡಿ ಅಂತ ಕುಲಸಚಿವರಿಗೆ ಅರ್ಜಿ ಹಾಕಿದ್ದಾಳೆ. ಫೈಲ್ ಇನ್ನೂ ಮೇಲೆ ಹೋಗ್ತಾ ಇದೆ. ಬಿಟ್ಟಿದ್ದ ಎರಡು ಪೇಪರ್‌ನಲ್ಲಿ ಒಂದಕ್ಕೆ ಮಾತ್ರ ಈ ಸಲ ಫೀಸ್ ಕಟ್ಟಿದ್ದಾಳೆ. ಮಲ್ಟಿವೇರಿಯೇಟ್ ಅನಾಲಿಸಿಸ್.